ಬೆಟ್ಟ ಹತ್ತುವವರ ಚೀಲದಲ್ಲಿ ಯಾವ ಲೆನ್ಸು?

ರಾಯರು ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಹಿಮಾಲಯವನ್ನು ಕಣ್ಣಾರೆ ಕಂಡು, ಅದರ ಒಂದೆರಡು ಛಾಯಾಚಿತ್ರಗಳನ್ನು ತಾವೇ ತೆಗೆಯಬೇಕೆಂಬುದು ಅವರ ಬಹುಕಾಲದ ಬಯಕೆ. ನೌಕರಿ, ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ, ಒಂದಾದಮೇಲೊಂದು ಅಡ್ಡಬಂದು ಆ ಬಯಕೆ ಅರವತ್ತೆರಡನೆಯ ವಯಸ್ಸಿಗೆ ಬಂದು ನಿಂತಿತು. ಕೊನೆಗೊಮ್ಮೆ ಮಗಳ ಜೊತೆಯಲ್ಲಿ ನವೆಂಬರಿನಲ್ಲಿ ಸಂದಕ್‌ಫುವಿಗೆ ಹೋಗುವುದೆಂದು ನಿಶ್ಚಯವಾಯಿತು. ವೈದ್ಯರು ಪರೀಕ್ಷಿಸಿ ಅನುಮತಿ ಕೊಟ್ಟರಾದರೂ, ಮೊಣಕಾಲುಗಳನ್ನು ಒತ್ತಿ ನೋಡಿ ಒಂದು ಷರತ್ತನ್ನು ಹಾಕಿದರು: ನೀರು, ಬೆಚ್ಚನೆಯ ಉಡುಪು, ಕ್ಯಾಮೆರಾ ಎಲ್ಲವೂ ಸೇರಿ ಬೆನ್ನಿನ ಮೇಲೆ ಐದು ಕಿಲೋ ಮೀರಕೂಡದು.

ಹೊರಡುವುದಕ್ಕೆ ಹದಿನೈದು ದಿನಗಳಿರುವಾಗ ಊಟದ ಮೇಜಿನ ಮೇಲೆ ಮೂರು ದೊಡ್ಡ ಲೆನ್ಸುಗಳು ಬಂದು ಕುಳಿತವು. ಮದುವೆಮನೆಗಳಲ್ಲಿ ಚಿತ್ರ ತೆಗೆಯುವ ವೃತ್ತಿಯ ಗೆಳೆಯರೊಬ್ಬರು ಅವುಗಳನ್ನು ಔದಾರ್ಯದಿಂದ ಕೊಟ್ಟಿದ್ದರು. ನಿಕಾನ್ ಸಂಸ್ಥೆಯ ಝಡ್ ಮಾಲಿಕೆಗೆ ಸೇರಿದ 14-24, 24-70, 70-200 ಮಿಲಿಮೀಟರಿನ ಆ ಲೆನ್ಸುಗಳ ಗರಿಷ್ಠ ದ್ವಾರ ಎಫ್/2.8.

"ಇಷ್ಟನ್ನೂ ಹೊರುವವರು ಯಾರು ರೀ?" ಎಂದು ರಾಯರ ಪತ್ನಿ ಕೇಳಿದರು.

"ಅಲ್ಲಿ ಹೊರೆಯಾಳು ಸಿಗುತ್ತಾನಂತೆ" ಎಂದರು ರಾಯರು.

"ಅವನಿಗೆ ಮೊಣಕಾಲು ಇಲ್ಲವೆ?"

ಮಾತು ಅಲ್ಲಿಗೆ ನಿಂತಿತು. ಮಗಳು ಅಡಿಗೆಮನೆಯಿಂದ ತೂಕದ ಯಂತ್ರವನ್ನು ತಂದಿಟ್ಟಳು. ಮೊದಲನೆಯದು 650 ಗ್ರಾಂ, ಎರಡನೆಯದು 805 ಗ್ರಾಂ. ಮೂರನೆಯದು, ಅದರ ಕೊರಳ ಪಟ್ಟಿಯನ್ನು ಕಳಚಿದ ಮೇಲೂ, 1,360 ಗ್ರಾಂ. ಒಟ್ಟು 2,815 ಗ್ರಾಂ, ಅಂದರೆ ಸುಲಿದ ಐದಾರು ತೆಂಗಿನಕಾಯಿಗಳ ಭಾರ. ಕ್ಯಾಮೆರಾ 700 ಗ್ರಾಂ, ಮೂರು ಕಾಲಿನ ಸ್ಟ್ಯಾಂಡು ಎರಡು ಕಿಲೋ. ನೀರಿನ ಬಾಟಲಿಯನ್ನು ಚೀಲದಲ್ಲಿ ಇಡುವ ಮೊದಲೇ ವೈದ್ಯರ ಮಿತಿ ದಾಟಿಹೋಗಿತ್ತು.

ಛಾಯಾಗ್ರಾಹಕರ ಹೊರೆಯ ಕಥೆ ಹೊಸದಲ್ಲ. ಆಂಗ್ಲ ಛಾಯಾಗ್ರಾಹಕ ಸ್ಯಾಮ್ಯುಅಲ್ ಬೋರ್ನ್ 1866ರಲ್ಲಿ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಚಿತ್ರ ತೆಗೆದನು. ಅಂದಿನ ಗಾಜಿನ ಫಲಕಕ್ಕೆ ಸ್ಥಳದಲ್ಲಿಯೇ ರಾಸಾಯನಿಕವನ್ನು ಲೇಪಿಸಿ, ಅದು ಆರುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಆದಕಾರಣ ಕತ್ತಲೆಯ ಡೇರೆ, ಔಷಧಿಗಳ ಸೀಸೆಗಳು, ಗಾಜುಗಳು ಎಲ್ಲವೂ ಹತ್ತಾರು ಹೊರೆಯಾಳುಗಳ ಬೆನ್ನೇರಿ ಅವನೊಡನೆ ನಡೆದವು. 1899ರಲ್ಲಿ ಡಗ್ಲಸ್ ಫ್ರೆಶ್‌ಫೀಲ್ಡ್‌ನ ತಂಡದೊಡನೆ ಕಾಂಚನಜುಂಗಾವನ್ನು ಸುತ್ತಿಬಂದ ಇಟಲಿಯ ವಿತ್ತೋರಿಯೋ ಸೆಲ್ಲಾ ಕೂಡ ಗಾಜಿನ ಫಲಕಗಳನ್ನೇ ನಂಬಿದ್ದವನು. ಆ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಅವರಿಗೆ ಬೇರೆ ದಾರಿಯಿರಲಿಲ್ಲ; ಇಂದಿನವರಿಗೆ ಇದೆ.

ಆ ದಾರಿಯನ್ನು ತೋರಿದವರಲ್ಲಿ ಅಮೆರಿಕದ ಗೇಲನ್ ರೊವೆಲ್ ಮುಖ್ಯನು. ಸ್ವತಃ ಪರ್ವತಾರೋಹಿಯಾಗಿದ್ದ ಆತ ಚಿಕ್ಕ ಕ್ಯಾಮೆರಾವನ್ನೂ ಹಗುರವಾದ ಕೆಲವೇ ಲೆನ್ಸುಗಳನ್ನೂ ಒಯ್ಯುತ್ತಿದ್ದನು. 1981ರಲ್ಲಿ ಲ್ಹಾಸಾ ನಗರದಲ್ಲಿ ಕಾಮನಬಿಲ್ಲೊಂದು ಮೂಡಿದಾಗ, ಅದರ ತುದಿ ಪೋತಾಲಾ ಅರಮನೆಯ ಮೇಲೆಯೇ ಇಳಿದಂತೆ ಕಾಣುವ ಸ್ಥಳವನ್ನು ಹುಡುಕಿಕೊಂಡು ಆತ ಓಡಿದನು. ಆ ಚಿತ್ರ ಜಗತ್ಪ್ರಸಿದ್ಧವಾಯಿತು. ಲ್ಹಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಸಂದಕ್‌ಫುವಿನ ಎತ್ತರ 3,636 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಐದು ಕಿಲೋ ಸಲಕರಣೆಯನ್ನು ಹೊತ್ತವನಿಗೆ ಅಲ್ಲಿ ಓಡುವುದಿರಲಿ, ಬೇಗ ನಡೆಯುವುದೂ ಕಷ್ಟ. ಕಾಮನಬಿಲ್ಲಾದರೋ ಯಾರಿಗೂ ಕಾಯುವುದಿಲ್ಲ.

ಹಾಗಾದರೆ ಒಂದೇ ಬಗೆಯ ಎರಡು ಲೆನ್ಸುಗಳಲ್ಲಿ ಒಂದು ಭಾರ, ಇನ್ನೊಂದು ಹಗುರ ಏಕೆ? ಎಫ್ ಸಂಖ್ಯೆಯೆಂಬುದು ಒಂದು ಭಾಗಾಕಾರದ ಫಲ. ಲೆನ್ಸಿನ ಸಂಗಮದೂರವನ್ನು ಬೆಳಕಿನ ದ್ವಾರದ ಅಗಲದಿಂದ ಭಾಗಿಸಿದರೆ ಅದು ದೊರೆಯುತ್ತದೆ. 200 ಮಿ.ಮೀ. ಲೆನ್ಸು ಎಫ್/2.8 ಆಗಬೇಕಾದರೆ ದ್ವಾರ ಸುಮಾರು 71 ಮಿ.ಮೀ. ಅಗಲವಿರಬೇಕು, ಎಫ್/4ಕ್ಕೆ 50 ಮಿ.ಮೀ. ಸಾಕು. ದ್ವಾರದ ವಿಸ್ತೀರ್ಣ ಇಮ್ಮಡಿಯಾದಾಗ ಗಾಜು ಅಗಲವಾಗುವುದಲ್ಲದೆ ದಪ್ಪವೂ ಆಗುತ್ತದೆ. ಅದನ್ನು ಹಿಡಿದಿಡುವ ಲೋಹದ ಕೊಳವೆಯೂ ಹಿಗ್ಗುತ್ತದೆ. ಕ್ಯಾನನ್ ಸಂಸ್ಥೆಯ ಆರ್‌ಎಫ್ ಮಾಲಿಕೆಯ 70-200 ಎಫ್/2.8 ಲೆನ್ಸು 1,070 ಗ್ರಾಂ ತೂಗಿದರೆ, ಅದೇ ಮಾಲಿಕೆಯ ಎಫ್/4 ಲೆನ್ಸು 695 ಗ್ರಾಂ ತೂಗುತ್ತದೆ.

ಆ ಹೆಚ್ಚಿನ ಬೆಳಕು ಯಾರಿಗೆ ಬೇಕು? ಮಂದ ದೀಪಗಳ ಕಲ್ಯಾಣಮಂಟಪದಲ್ಲಿ ಧಾರೆಯೆರೆಯುವ ಕೈ ಅಲುಗುತ್ತಿರುವಾಗ ಚಿತ್ರ ತೆಗೆಯಬೇಕಾದ ಗೆಳೆಯರಿಗೆ ಬೇಕು. ಬೆಟ್ಟ ಅಲುಗುವುದಿಲ್ಲ. ಅದರ ಚಿತ್ರಕ್ಕೆ ಹತ್ತಿರದ ಕಲ್ಲಿನಿಂದ ದೂರದ ಹಿಮದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂದು ದ್ವಾರವನ್ನು ಹೇಗೂ ಎಫ್/8ಕ್ಕೆ ಕಿರಿದುಗೊಳಿಸುವುದು ವಾಡಿಕೆ. 24 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿಟ್ಟು ಸುಮಾರು ಎರಡೂವರೆ ಮೀಟರ್ ದೂರಕ್ಕೆ ಹೊಂದಿಸಿದರೆ, ಒಂದೂಕಾಲು ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟವಾಗಿ ಮೂಡುತ್ತದೆ. ಮುಚ್ಚಿಯೇ ಇಡುವ ಬಾಗಿಲನ್ನು ಅಗಲವಾಗಿ ಮಾಡಿಸಿ ಬೆನ್ನ ಮೇಲೆ ಹೊರುವುದರಲ್ಲಿ ಏನು ಲಾಭ? ನಕ್ಷತ್ರಗಳ ಚಿತ್ರ ತೆಗೆಯುವವರ ಮಾತು ಬೇರೆ. ಅವರಿಗೆ ದೊಡ್ಡ ದ್ವಾರವೂ ಬೇಕು, ಸ್ಟ್ಯಾಂಡೂ ಬೇಕು.

ಇಷ್ಟನ್ನು ರಾಯರು ಒಪ್ಪಿಕೊಂಡರು. ಆದರೆ ಯಾವುದನ್ನು ಬಿಡುವುದು ಎಂಬಲ್ಲಿ ತಂದೆಮಗಳಿಗೆ ಭಿನ್ನಾಭಿಪ್ರಾಯ ಬಂದಿತು. ದೊಡ್ಡ ಬೆಟ್ಟಕ್ಕೆ ಅಗಲವಾದ ನೋಟದ ಲೆನ್ಸು ಬೇಕೆಂಬುದು ರಾಯರ ನಂಬಿಕೆ. ಈ ತಪ್ಪುಗ್ರಹಿಕೆ ಅವರೊಬ್ಬರದೇ ಅಲ್ಲ; ಮೊದಲ ಬಾರಿ ಬೆಟ್ಟಕ್ಕೆ ಹೊರಡುವ ಹಲವರದು. ಮಗಳು ಭೂಪಟ ಬಿಡಿಸಿ ಲೆಕ್ಕ ಹಾಕಿದಳು.

ಸಂದಕ್‌ಫುವಿನಿಂದ ನೋಡುವವರಿಗೆ ಕುಂಭಕರ್ಣ, ಕಾಂಚನಜುಂಗಾ, ಪಾಂಡಿಮ್ ಮುಂತಾದ ಶಿಖರಗಳು ಒಟ್ಟಾಗಿ ಮಲಗಿರುವ ಬುದ್ಧನಂತೆ ತೋರುತ್ತವೆ. ತಲೆ ಕುಂಭಕರ್ಣ, ಒಡಲು 8,586 ಮೀಟರಿನ ಕಾಂಚನಜುಂಗಾ, ಪಾದ ಪಾಂಡಿಮ್. ಆದರೆ ಕಾಂಚನಜುಂಗಾ ಅಲ್ಲಿಂದ ಸುಮಾರು 68 ಕಿಲೋಮೀಟರ್ ದೂರ. ಹೀಗಾಗಿ ತಲೆಯಿಂದ ಪಾದದವರೆಗಿನ ಬುದ್ಧನು ಕಣ್ಣಿನೆದುರು ಹದಿನೆಂಟು ಹತ್ತೊಂಬತ್ತು ಡಿಗ್ರಿಗಳಷ್ಟೇ ಅಗಲ. 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸಂವೇದಕವುಳ್ಳ ಕ್ಯಾಮೆರಾದಲ್ಲಿ 16 ಮಿ.ಮೀ. ಲೆನ್ಸು ಸುಮಾರು 97 ಡಿಗ್ರಿಗಳನ್ನು ತೋರಿಸುತ್ತದೆ. ಅದರಲ್ಲಿ ಬುದ್ಧನು ಚಿತ್ರದ ಅಗಲದ ಏಳನೆಯ ಒಂದು ಪಾಲಾಗಿ ಬಿಡುತ್ತಾನೆ. ಕಾಂಚನಜುಂಗಾದ ಎತ್ತರ ಚಿತ್ರದ ಎತ್ತರದ ಇಪ್ಪತ್ತನೆಯ ಒಂದು ಪಾಲೂ ಬಾರದು. ಅದೇ 110 ಮಿ.ಮೀ. ಲೆನ್ಸಿನಲ್ಲಿ ಬುದ್ಧನು ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಮಲಗುತ್ತಾನೆ.

"ಅಪ್ಪ, ಅಗಲದ ಲೆನ್ಸು ಹತ್ತಿರ ಇರುವುದಕ್ಕೆ. ಕಾಲ ಬಳಿಯ ಹೂವು, ಕೊಳ, ಮರಗಳಿಗೆ. ದೂರದ ಬೆಟ್ಟ ಬೆಟ್ಟವಾಗಿಯೇ ಕಾಣಬೇಕಾದರೆ ಉದ್ದನೆಯ ಲೆನ್ಸೇ ಬೇಕು."

"ಹಾಗಾದರೆ 70-200 ತೆಗೆದುಕೊಳ್ಳೋಣ ಕಣಮ್ಮ. ಎವರೆಸ್ಟ್ ಇನ್ನೂ ದೂರ ಅಲ್ಲವೆ?"

ಅದೂ ಸರಿಯಾದ ಪ್ರಶ್ನೆಯೇ. ಎವರೆಸ್ಟ್ ಅಲ್ಲಿಂದ ಸುಮಾರು 144 ಕಿಲೋಮೀಟರ್ ದೂರ. 120 ಮಿ.ಮೀ. ಲೆನ್ಸಿನಲ್ಲಿ ಅದರ ಎತ್ತರ ಚಿತ್ರದ ಎಂಟನೆಯ ಒಂದು ಪಾಲಿನಷ್ಟು ಮಾತ್ರ. ಆದರೆ 24 ಮೆಗಾಪಿಕ್ಸೆಲ್ ಚಿತ್ರದ ನಡುಭಾಗವನ್ನು 200 ಮಿ.ಮೀ. ಲೆನ್ಸಿನ ನೋಟದಷ್ಟಕ್ಕೆ ಕತ್ತರಿಸಿದರೂ ಸುಮಾರು ಎಂಟೂವರೆ ಮೆಗಾಪಿಕ್ಸೆಲ್ ಉಳಿಯುತ್ತದೆ. ಮನೆಯ ಗೋಡೆಗೆ 12×8 ಅಂಗುಲದ ಪ್ರತಿಗೆ ಅಷ್ಟು ಧಾರಾಳ. ಅದಕ್ಕಾಗಿ 1,360 ಗ್ರಾಂ ಹೊರಬೇಕೆ?

ಕೊನೆಗೆ ಆಯ್ಕೆ ಹೀಗಾಯಿತು. ರಾಯರ ಕ್ಯಾಮೆರಾದ ಜೊತೆಗೇ ಬಂದಿದ್ದ 24-120 ಎಫ್/4 ಲೆನ್ಸು, 630 ಗ್ರಾಂ. ಕಾಡಿನ ದಾರಿಗೆಂದು ಬಾಡಿಗೆಗೆ ತಂದ 14-30 ಎಫ್/4, 485 ಗ್ರಾಂ. ಎರಡೂ ಸೇರಿ 1,115 ಗ್ರಾಂ. ಸ್ಟ್ಯಾಂಡು ಮನೆಯಲ್ಲಿ ಉಳಿಯಿತು. ಅದರ ಬದಲಿಗೆ ರಾಯರ ಪತ್ನಿ ದಪ್ಪ ಬಟ್ಟೆಯ ಪುಟ್ಟ ಚೀಲವೊಂದನ್ನು ಹೊಲಿದುಕೊಟ್ಟರು. ತಂಗುದಾಣದಲ್ಲಿ ಅದಕ್ಕೆ ಅಕ್ಕಿ ತುಂಬಿಸಿ, ಕಲ್ಲಿನ ಮೇಲಿಟ್ಟು, ಕ್ಯಾಮೆರಾವನ್ನು ಅದರಲ್ಲಿ ಹುದುಗಿಸಿದರೆ ಕೈನಡುಕ ತಟ್ಟುವುದಿಲ್ಲ. ಹೊರಡುವಾಗ ಅಕ್ಕಿಯನ್ನು ಹಿಂದಿರುಗಿಸಬಹುದು.

ಬೇರೆ ಕ್ಯಾಮೆರಾ ಉಳ್ಳವರಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಚಿಕ್ಕ ಸಂವೇದಕದ ಮೈಕ್ರೋ ಫೋರ್ ಥರ್ಡ್ಸ್ ವರ್ಗದಲ್ಲಿ ಒಲಿಂಪಸ್ 9-18 ಲೆನ್ಸು 155 ಗ್ರಾಂ, 12-45 ಎಫ್/4 ಲೆನ್ಸು 254 ಗ್ರಾಂ, ಪ್ಯಾನಸಾನಿಕ್ 35-100 ಎಫ್/4-5.6 ಲೆನ್ಸು 135 ಗ್ರಾಂ. ಮೂರೂ ಸೇರಿ 544 ಗ್ರಾಂ. ದೊಡ್ಡ ಕ್ಯಾಮೆರಾದ 18ರಿಂದ 200 ಮಿ.ಮೀ.ವರೆಗಿನ ನೋಟವೆಲ್ಲ ಅವುಗಳಲ್ಲಿ ಅಡಗಿದೆ. ಮಬ್ಬಿನಲ್ಲಿ ಚಿತ್ರ ತುಸು ಒರಟಾಗುವುದು ಅದಕ್ಕೆ ತೆರುವ ಬೆಲೆ. ಕ್ಯಾನನ್ ಆರ್‌ಎಫ್ ಕ್ಯಾಮೆರಾ ಉಳ್ಳವರು 165 ಗ್ರಾಮಿನ 16 ಎಫ್/2.8 ಮತ್ತು 160 ಗ್ರಾಮಿನ 50 ಎಫ್/1.8 ಲೆನ್ಸುಗಳನ್ನು ಎರಡು ಜೇಬುಗಳಲ್ಲಿಟ್ಟುಕೊಂಡು ನಡೆಯಬಹುದು. ಆದರೆ ಗಾಳಿ ಬೀಸುವ ಕಣಿವೆಯಂಚಿನಲ್ಲಿ ಲೆನ್ಸು ಬದಲಿಸುವಾಗ ಧೂಳು, ಮಂಜಿನ ಹನಿ ಒಳಸೇರದಂತೆ ಎಚ್ಚರವಿರಬೇಕು. ಮೇಲಾಗಿ, ಅಂಥ ಸ್ಥಳದಲ್ಲಿ ಎರಡು ಹೆಜ್ಜೆ ಮುಂದಕ್ಕೋ ಹಿಂದಕ್ಕೋ ಹೋಗಿ ಚೌಕಟ್ಟನ್ನು ಸರಿಪಡಿಸುವೆನೆನ್ನುವುದು ಅಪಾಯ. ಜೂಮ್ ಲೆನ್ಸಿನ ಉಪಯೋಗ ಅಲ್ಲಿ ತಿಳಿಯುತ್ತದೆ.

ಇನ್ನು ಕೆಲವು ಸಣ್ಣ ವಿಷಯಗಳು. ಚಳಿಯಲ್ಲಿ ಬ್ಯಾಟರಿಗಳು ಬೇಗ ಸೊರಗುತ್ತವೆ; ಹೆಚ್ಚಿನ ಎರಡನ್ನು ಮೈಗೆ ತಾಗುವ ಒಳಜೇಬಿನಲ್ಲಿ ಇಡಬೇಕು. ಹೊರಗಿನ ಶೀತದಿಂದ ಬೆಚ್ಚನೆಯ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಸಾವಕಾಶವಾಗಿ ಬೆಚ್ಚಗಾಗಲು ಬಿಟ್ಟರೆ ಗಾಜಿನ ಮೇಲೆ ಹನಿ ಕಟ್ಟುವುದಿಲ್ಲ. ಬಹಳ ಅಗಲದ ಲೆನ್ಸಿಗೆ ಪೋಲರೈಸರ್ ಫಿಲ್ಟರನ್ನು ಹಾಕಿದರೆ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿಯಾಗಿ ಕಾಣುವುದುಂಟು. ಅದನ್ನು ಮನೆಯಲ್ಲಿ ಬಿಡುವುದೇ ಮೇಲು.

ತಂದೆಮಗಳು ಮಾನೆಭಂಜಂಗಿನಿಂದ ಮಾರ್ಗದರ್ಶಿಯೊಬ್ಬನ ಜೊತೆ ನಡೆದರು. ಬಟ್ಟೆಬರೆಯ ಚೀಲ ಹೊರೆಯಾಳಿನ ಬೆನ್ನಿನ ಮೇಲಿದ್ದಿತು. ಕ್ಯಾಮೆರಾ ಮಾತ್ರ ರಾಯರದೇ. ಕಾಲಿಪೋಖರಿಯ ಕಪ್ಪು ಕೊಳದ ಅಂಚಿನಲ್ಲಿ ಅಗಲದ ಲೆನ್ಸು ತನ್ನ ಕೆಲಸ ಮಾಡಿತು. ಅಲ್ಲಿಂದಾಚೆಗಿನ ಕಡಿದಾದ ಏರಿನಲ್ಲಿ ರಾಯರು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತರು. ನಿಂತಾಗಲೆಲ್ಲ ಕಣ್ಣೆತ್ತಿ ಸುತ್ತ ನೋಡಿದರು. ಮೂರು ಲೆನ್ಸುಗಳನ್ನು ಹೊತ್ತಿದ್ದರೆ ನೆಲವನ್ನು ಮಾತ್ರ ನೋಡುತ್ತಿದ್ದರೇನೋ.

ಮೇಲೆ ತಲಪಿದ ಮರುದಿನ ಬೆಳಗ್ಗೆ ಬರೀ ಮಂಜು. ಹಿಂದಿರುಗಬೇಕಾದ ದಿನ, ಇನ್ನೂ ಕತ್ತಲೆಯಿರುವಾಗಲೇ ರಾಯರು ಮಗಳನ್ನು ಎಬ್ಬಿಸದೆ ಮಾರ್ಗದರ್ಶಿಯ ಟಾರ್ಚಿನ ಬೆಳಕಿನಲ್ಲಿ ದಿಬ್ಬವನ್ನೇರಿದರು. ಆಕಾಶದ ತುಂಬ ನಕ್ಷತ್ರಗಳಿದ್ದವು. ಎಫ್/2.8 ಲೆನ್ಸನ್ನೂ ಸ್ಟ್ಯಾಂಡನ್ನೂ ಬಿಟ್ಟುಬಂದುದಕ್ಕೆ ಅವರು ಮರುಗಿದ್ದು ಅದೊಂದೇ ಗಳಿಗೆ. ಸ್ವಲ್ಪ ಹೊತ್ತಿನಲ್ಲಿಯೇ ಕಾಂಚನಜುಂಗಾದ ನೆತ್ತಿಗೆ ಕುಂಕುಮದ ಬಣ್ಣ ತಾಗಿತು. ಅಕ್ಕಿಯ ಚೀಲ ಕಲ್ಲಿನ ಮೇಲೆ, ಕ್ಯಾಮೆರಾ ಅದರ ಮೇಲೆ, ಲೆನ್ಸು 110ರಲ್ಲಿ. ತಲೆಯಿಂದ ಪಾದದವರೆಗೆ ಬುದ್ಧನು ಚೌಕಟ್ಟಿನಲ್ಲಿ ಮಲಗಿದ್ದನು. ಹತ್ತು ನಿಮಿಷಗಳಲ್ಲಿ ಕಣಿವೆಯಿಂದ ಮೋಡವೆದ್ದು ಎಲ್ಲವನ್ನೂ ಮುಚ್ಚಿತು. ಮಗಳು ಏದುಸಿರು ಬಿಡುತ್ತ ಮೇಲೆ ಬಂದಾಗ ರಾಯರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಚಳಿಗೆ ನೀರು ಬರುತ್ತದೆ" ಎಂದರು.

ಈಗ ಅವರ ಮನೆಯ ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಒಂದು ಆ ಬುದ್ಧನದು. ಇನ್ನೊಂದು ಹಿಂದಿನ ಸಂಜೆ ಮಂಜು ಚದುರಿದಾಗ ತೆಗೆದು, ನಡುಭಾಗವನ್ನು ಕತ್ತರಿಸಿ, 12×8 ಅಂಗುಲಕ್ಕೆ ಮುದ್ರಿಸಿದ ಎವರೆಸ್ಟಿನದು. ರಾಯರ ಪತ್ನಿ ಅದನ್ನು ಬಹಳ ಹೊತ್ತು ನೋಡಿ, "ಪ್ರಪಂಚಕ್ಕೇ ಎತ್ತರದ ಬೆಟ್ಟ ಎನ್ನುತ್ತೀರಿ. ಪಕ್ಕದ್ದೇ ಎತ್ತರವಾಗಿದೆಯಲ್ಲ!" ಎಂದರು.

ಪಕ್ಕದ್ದು ಮಕಾಲು. ಅದು ಇಪ್ಪತ್ತು ಕಿಲೋಮೀಟರಿನಷ್ಟು ಹತ್ತಿರವಿರುವುದರಿಂದ ಹಾಗೆ ತೋರುತ್ತದೆಂದು ರಾಯರು ವಿವರಿಸಿದರು. ಆಕೆ ನಂಬಿದರೋ ಇಲ್ಲವೋ ತಿಳಿಯದು. ಅಕ್ಕಿಯ ಚೀಲವನ್ನು ಮಾತ್ರ ಒಗೆದು, ಮಡಿಸಿ, ಮುಂದಿನ ಪ್ರಯಾಣಕ್ಕೆಂದು ಬೀರುವಿನಲ್ಲಿ ಇಟ್ಟಿದ್ದಾರೆ.