ಸೋಲಿಲ್ಲದ ಲೆಕ್ಕ

ಮುಷ್ಟಿಯುದ್ಧದ ಜಗಜ್ಜೆಟ್ಟಿಗಳ ಯೋಗ್ಯತೆಯನ್ನು ಜಯಾಪಜಯಗಳ ಸಂಖ್ಯೆಯಿಂದ ಅಳೆಯುವುದು ಲೋಕರೂಢಿ. ಅಮೆರಿಕದ ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದನು. ಅದೇ ದೇಶದ ಮಹಮ್ಮದ್ ಅಲಿಯಾದರೋ 61ರಲ್ಲಿ 56ನ್ನು ಗೆದ್ದು ಐದನ್ನು ಸೋತನು. ಇಷ್ಟನ್ನೇ ನೋಡಿದವರಿಗೆ ಮೊದಲಿನವನೇ ಶ್ರೇಷ್ಠನೆಂದು ತೋರುವುದು ಸಹಜ.

ಆದರೆ ವಾಚಕರೇ, ಗೆದ್ದುದು ಯಾರನ್ನು, ಎಂತಹ ಕಾಲದಲ್ಲಿ ಎಂಬುದನ್ನು ವಿಚಾರಿಸಬೇಡವೇ? 1951ರಲ್ಲಿ ಮಾರ್ಸಿಯಾನೊ ಕೆಡವಿದ ಜೋ ಲೂಯಿ ಮಹಾಮಲ್ಲನೇ ಹೌದು. ಆಗ ಅವನಿಗೆ 37 ವರ್ಷ, ಕಸುವು ಇಳಿದಿತ್ತು. ಮರುವರ್ಷ ಪಟ್ಟವನ್ನು ಕಳೆದುಕೊಂಡ ವಾಲ್ಕಾಟನಿಗೆ 38. ಅಲಿಯು 1974ರಲ್ಲಿ ಗೆದ್ದ ಜಾರ್ಜ್ ಫೋರ್‌ಮನ್ನನಾದರೋ 25ರ ತರುಣ, ಅದುವರೆಗೆ ಸೋಲನ್ನೇ ಕಾಣದವನು. ಅಲಿಯನ್ನು ಮೊದಲು ಸೋಲಿಸಿದ ಫ್ರೇಜಿಯರ್, ನಾರ್ಟನ್, ಸ್ಪಿಂಕ್ಸ್ ಈ ಮೂವರನ್ನೂ ಅವನು ಮರಳಿ ಎದುರಿಸಿ ಗೆದ್ದನು. ಉಳಿದೆರಡು ಸೋಲುಗಳು 38, 39ರ ಪ್ರಾಯದಲ್ಲಿ ಬಂದವು.

ಇದರಿಂದ ಮಾರ್ಸಿಯಾನೊವಿನ ಹಿರಿಮೆಗೆ ಕುಂದಿಲ್ಲ. ಎದುರು ನಿಂತವರನ್ನೆಲ್ಲ ಅವನು ಗೆದ್ದನು. ಆದರೂ ಸೋತವನ ಬಲವೇ ಗೆದ್ದವನ ಜಯಕ್ಕೆ ಒರೆಗಲ್ಲು.

ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗಲೂ ಹಿರಿಯರು ಇದನ್ನು ನೆನೆಯುವುದೊಳ್ಳಿತು. ಅಂಕಗಳನ್ನು ಓದಿದ ಮೇಲೆ ಪ್ರಶ್ನಪತ್ರಿಕೆಯನ್ನೂ ತರಿಸಿ ನೋಡತಕ್ಕದ್ದು.