ಮುಟ್ಟು ನಿಂತ ಮೇಲಿನ ಆರೋಗ್ಯ: ಕಾಫಿ ತೋಟದ ಮಹಿಳೆಯರ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಚಿಕ್ಕಮಗಳೂರು.

ಇಂದ,
ಬಾಬಾಬುಡನ್‌ಗಿರಿ ತಪ್ಪಲು, ಮೂಡಿಗೆರೆ ಮತ್ತು ಕಳಸ ಭಾಗದ ತೋಟ ಕಾರ್ಮಿಕ ಹಾಗೂ ಸಣ್ಣ ಬೆಳೆಗಾರ ಮಹಿಳೆಯರು.

ವಿಷಯ: ಮುಟ್ಟು ನಿಂತ ಮಹಿಳೆಯರಿಗೆ ರಕ್ತ ಪರೀಕ್ಷೆ, ಹಾರ್ಮೋನ್ ಸಲಹೆ ಮತ್ತು ಮಾನಸಿಕ ಆರೋಗ್ಯ ಸೇವೆ ಒದಗಿಸುವ ಕುರಿತು.

ಮಾನ್ಯರೆ,

ಬಸುರಿ, ಬಾಣಂತಿಯರಾಗಿದ್ದಾಗ ನಮ್ಮನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆಯರು ಬರುತ್ತಿದ್ದರು. ಐವತ್ತು ದಾಟಿದ ಮೇಲೆ ನಾವು ಲೆಕ್ಕದಿಂದ ಜಾರಿದ್ದೇವೆ. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಕಬ್ಬಿಣದ ಮಾತ್ರೆ ಹೆಂಗಸರಿಗೆ ಸಿಗುವುದು 49 ವರ್ಷದವರೆಗೆ. 30 ದಾಟಿದವರಿಗೆ ಬಿ.ಪಿ., ಶುಗರ್, ಕ್ಯಾನ್ಸರ್ ತಪಾಸಣೆ ಇದೆ ನಿಜ. ನಿದ್ದೆ, ಬೆವರು, ಬೇಸರದ ಕಥೆ ಮಾತ್ರ ಮನೆಯೊಳಗೇ ಉಳಿಯುತ್ತದೆ.

ಡಿಸೆಂಬರ್ ಚಳಿಗೆ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿರುವಾಗ ನಮ್ಮಲ್ಲೊಬ್ಬರು ಬೆವೆತು ಎದ್ದು, ಬಾಗಿಲು ತೆರೆದು ಜಗಲಿಯಲ್ಲಿ ಕೂರುತ್ತಾರೆ. ಸಂಜೆ ಕೊಯ್ದ ಕಾಫಿ ಹಣ್ಣು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ ಕೆ.ಜಿ. ಲೆಕ್ಕ ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ. ಅಂಗಾಲು ಜುಮ್ಮೆನ್ನುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ‘ಅವಳಿಗೆ ತಲೆ ಸರಿ ಇಲ್ಲ’ ಎಂದು ಲೈನಿನಲ್ಲಿ ಮಾತಾಯಿತು. ಪೇಟೆಯ ವೈದ್ಯರಲ್ಲಿಗೆ ಹೋದಾಗ ಸಿಕ್ಕಿದ್ದು ಒಂದು ಶಕ್ತಿ ಇಂಜೆಕ್ಷನ್, ಹತ್ತು ನಿದ್ದೆ ಮಾತ್ರೆ. ರಕ್ತ ಪರೀಕ್ಷೆ ಯಾರೂ ಬರೆದುಕೊಡಲಿಲ್ಲ.

ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ವೈದ್ಯರು ಎಣಿಸುತ್ತಾರೆ. ಈಸ್ಟ್ರೋಜನ್ ಇಳಿದಾಗ ಮೈ ಕಾವೇರುತ್ತದೆ, ನಿದ್ದೆ ಕೆಡುತ್ತದೆ, ಮೂಳೆ ಸವೆಯುತ್ತದೆ. ಇದೇ ಸುಸ್ತು, ಮರೆವು, ಬೇಸರ ಬಿ12 ಕೊರತೆಯಿಂದಲೂ ಬರಬಹುದು, ಥೈರಾಯ್ಡ್ ಕುಂದಿದರೂ ಬರಬಹುದು. ಹಾಲಿಲ್ಲದ ಬೆಲ್ಲದ ಕಾಫಿ, ಅನ್ನ, ತರಕಾರಿ ಸಾರಿನಲ್ಲಿ ಬಿ12 ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇನ್ನೂ ಇಳಿಯಬಹುದು. ದಿನವಿಡೀ ಹೊರಗೆ ದುಡಿಯುವವರಿಗೆ ಡಿ ವಿಟಮಿನ್ ಕೊರತೆ ಎಲ್ಲಿಂದ ಎನ್ನುವವರು ನಮ್ಮ ತೋಟಕ್ಕೆ ಬರಬೇಕು: ಮೇಲೆ ಸಿಲ್ವರ್ ಓಕ್ ನೆರಳು, ಮೈಗೆ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ಮಳೆಗಾಲವಿಡೀ ಮೋಡ. ಹಾರ್ಮೋನೋ, ವಿಟಮಿನ್ನೋ, ಖಿನ್ನತೆಯೋ ಎಂದು ಮುಖ ನೋಡಿ ಹೇಳಲಾಗದು. ಮೂರೂ ಒಬ್ಬಳಲ್ಲೇ ಇರಬಹುದು.

ಆದ್ದರಿಂದ ನಮ್ಮ ಬೇಡಿಕೆಗಳು:

1. 45 ದಾಟಿದ, ಇಂಥ ತೊಂದರೆ ಇರುವ ಹೆಂಗಸರಿಗೆ ವೈದ್ಯರ ಸಲಹೆಯಂತೆ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12, ಡಿ ವಿಟಮಿನ್ ಪರೀಕ್ಷೆ ಉಚಿತವಾಗಿ ಆಗಬೇಕು. ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆದು ಜಿಲ್ಲಾಸ್ಪತ್ರೆಗೆ ಕಳಿಸಬೇಕು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ.; ಹೋಗಿ ಬಂದರೆ ಒಂದು ದಿನದ ಕೂಲಿ ಹೋದಂತೆ.

2. ಆಶಾ ತುಂಬುವ ತಪಾಸಣಾ ನಮೂನೆಯಲ್ಲಿ ಬೇಸರ, ನಿರಾಸಕ್ತಿಯ ಬಗ್ಗೆ ಈಗಾಗಲೇ ಎರಡು ಪ್ರಶ್ನೆಗಳಿವೆ. ‘ಹೌದು’ ಎಂದವರ ಹೆಸರು ಕಡತದಲ್ಲಿ ಉಳಿಯದೆ ವೈದ್ಯರನ್ನು ತಲುಪಬೇಕು.

3. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ದಿನವೇ ಸ್ತ್ರೀರೋಗ ತಜ್ಞರೂ ಸಿಗಬೇಕು. ಕುಯ್ಲಿನ ತಿಂಗಳುಗಳಲ್ಲಿ ತೋಟದ ವಾರದ ರಜೆಯ ದಿನ ಶಿಬಿರ ನಡೆಸಬೇಕು.

4. ಹಾರ್ಮೋನ್ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಯಾರು ಎಂದು ಕೇಳಿ ತಿಳಿದೇ ಸಲಹೆ ಕೊಡಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡವರನ್ನು ತಡಮಾಡದೆ ತಜ್ಞರಲ್ಲಿಗೆ ಕಳಿಸಬೇಕು.

5. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ವೈದ್ಯಕೀಯ ಸೌಲಭ್ಯ ತೋಟದ ಮಾಲೀಕರ ಹೊಣೆ. ತಪಾಸಣೆಯ ದಿನ ಕೂಲಿ ಕಡಿತವಾಗದಂತೆ ಕಾರ್ಮಿಕ ಇಲಾಖೆಯ ಮೂಲಕ ಕ್ರಮ ಕೈಗೊಳ್ಳಬೇಕು.

6. ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನು ಲೈನ್ ಮನೆ ಮತ್ತು ಹಣ್ಣು ತೂಗುವ ಜಾಗದಲ್ಲಿ ಕನ್ನಡದಲ್ಲಿ ಬರೆಸಬೇಕು. ಮೊಬೈಲ್ ಮಕ್ಕಳ ಅಥವಾ ಗಂಡನ ಕೈಯಲ್ಲಿರುವವರಿಗೆ ಉಪಕೇಂದ್ರದಿಂದ ಮಾತಾಡಲು ಅವಕಾಶ ಬೇಕು.

ಸರ್ಕಾರಿ ವೆಚ್ಚದ ಮಾನಸಿಕ ಆರೋಗ್ಯ ಸೇವೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಆಶಾ, ಮಂಗಳವಾರದ ವೈದ್ಯರು, ಸಹಾಯವಾಣಿ ಎಲ್ಲವೂ ಈಗಾಗಲೇ ಇವೆ. ಅವನ್ನು ನಮ್ಮ ವಯಸ್ಸಿನವರೆಗೆ ತಲುಪಿಸುವ ಆದೇಶ ಬೇಕಾಗಿದೆ. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ಯಾರಿಗೂ ಬಿಡುವಿರುವುದಿಲ್ಲ. ಅದಕ್ಕೆ ಮುಂಚೆಯೇ ಮೊದಲ ಸುತ್ತಿನ ತಪಾಸಣೆ ನಡೆಸಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಜಿಲ್ಲಾ ಕಾರ್ಮಿಕ ಅಧಿಕಾರಿಗಳು, ಚಿಕ್ಕಮಗಳೂರು.