ಉಪಗೂಹನದ ಮರೆಯಲ್ಲಿ ಕೈಬಿಟ್ಟ ಮನೆಗಳು

2023ರ ಆಗಸ್ಟಿನಲ್ಲಿ ತೆಲಂಗಾಣ ಸರ್ಕಾರವು 2,620 ಮದ್ಯದಂಗಡಿಗಳ ಪರವಾನಗಿಗೆ ಅರ್ಜಿ ಕರೆಯಿತು. ಒಂದು ಅರ್ಜಿಗೆ ಎರಡು ಲಕ್ಷ ರೂಪಾಯಿ ಶುಲ್ಕ. ಲಾಟರಿಯಲ್ಲಿ ಅಂಗಡಿ ದೊರೆಯಲಿ, ಬಿಡಲಿ, ಹಣ ಮರಳದು. ಬಂದ ಅರ್ಜಿಗಳು 1.31 ಲಕ್ಷಕ್ಕೂ ಮೇಲೆ. ಹೊಸ ಪರವಾನಗಿಯ ಒಂದು ಬಾಟಲಿಯೂ ಮಾರಾಟವಾಗುವ ಮುನ್ನವೇ 2,600 ಕೋಟಿ ರೂಪಾಯಿಗೂ ಹೆಚ್ಚು ಬೊಕ್ಕಸ ಸೇರಿತು. 2025ರಲ್ಲಿ ಶುಲ್ಕ ಮೂರು ಲಕ್ಷವಾಯಿತು. ಇದು ಲೆಕ್ಕಪುಸ್ತಕದ ಜಮೆಯ ಪುಟ. ಖರ್ಚಿನ ಪುಟವನ್ನು ಕಾಣಬೇಕಾದರೆ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಯ ಹೊರರೋಗಿ ವಿಭಾಗದ ಮುಂದೆ ಒಂದು ಬೆಳಗು ನಿಲ್ಲಬೇಕು.

2015ರ ಸೆಪ್ಟೆಂಬರಿನಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿಗಳು ನಡೆದಾಗ ಅಲ್ಪ್ರಾಜೊಲಾಮ್, ಡಯಾಜೆಪಾಮ್ ಬೆರೆತ ಸೇಂದಿಗೆ ದೇಹವನ್ನು ಒಪ್ಪಿಸಿದ್ದವರು ನಡುಗುತ್ತ, ಬಡಬಡಿಸುತ್ತ ಅಲ್ಲಿಗೆ ಬಂದರು. 2020ರ ಲಾಕ್‌ಡೌನಿನಲ್ಲಿ ಮದ್ಯ ಸಿಗದೆ ಅದೇ ದೃಶ್ಯ ಮರುಕಳಿಸಿತು. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿ ಭಾಗದ ಸೇಂದಿ ದುರಂತದಲ್ಲಿ ಹಲವರು ಸತ್ತರು, ಮೂತ್ರಪಿಂಡ ಕೆಟ್ಟವರು ನಿಮ್ಸ್ ಆಸ್ಪತ್ರೆ ಸೇರಿದರು. ಪ್ರತಿ ಸಲವೂ ಸರ್ಕಾರ ರೋಗಿಗಳನ್ನು ಎಣಿಸಿತು, ಅಂಗಡಿಗಳನ್ನು ಮುಚ್ಚಿಸಿತು. ರೋಗಿಯನ್ನು ಆಟೋದಲ್ಲಿ ಹಿಡಿದು ಕೂರಿಸಿಕೊಂಡು ಬಂದ ಹೆಂಡತಿ ಆ ದಿನದ ಕೂಲಿಯನ್ನು ಎಲ್ಲಿಂದ ತಂದಳು, ಅವಳ ಮಕ್ಕಳು ರಾತ್ರಿ ಯಾರ ಮನೆಯಲ್ಲಿ ಮಲಗಿದವು ಎಂಬುದು ಯಾವ ಕಡತದಲ್ಲೂ ಇಲ್ಲ.

ಇದು ಬಡವರ ಕಥೆ, ಸೇಂದಿ ಕುಡಿಯುವವರ ಕಥೆ ಎಂದು ಬಸದಿಯ ಮೆಟ್ಟಿಲ ಮೇಲೆ ನಿಂತು ನಿಟ್ಟುಸಿರು ಬಿಡುವ ಶ್ರಾವಕರಿದ್ದಾರೆ. ಸಪ್ತವ್ಯಸನಗಳಲ್ಲಿ ಮದ್ಯವೂ ಉಂಟು, ದ್ಯೂತವೂ ಉಂಟು. ದ್ಯೂತವಿಂದು ಅಂಗೈಯ ಫೋನಿನಲ್ಲಿದೆ. ತೆಲಂಗಾಣವು ಹಣವೊಡ್ಡುವ ಆನ್‌ಲೈನ್ ಆಟಗಳನ್ನು 2017ರಲ್ಲೇ ನಿಷೇಧಿಸಿತು, ಚಟ ಮಾತ್ರ ನಿಂತಿಲ್ಲ. ವ್ಯಾಪಾರಸ್ಥ ಮನೆತನಗಳಲ್ಲಿ ಮಗನ ಸಾಲ ಬಯಲಾಗುವುದು ಸಾಮಾನ್ಯವಾಗಿ ಅಪ್ಪನ ಓವರ್‌ಡ್ರಾಫ್ಟ್ ಖಾತೆ ಬತ್ತಿದ ಮೇಲೆ. ಆಗ ಮನೆಯವರು ಮೊದಲು ಮಾಡುವ ಕೆಲಸ ಬಾಯಿ ಮುಚ್ಚಿಕೊಳ್ಳುವುದು. ಸಮಾಜ ಅದನ್ನು ಮರ್ಯಾದೆಯೆಂದು ಕರೆಯುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಉಪಗೂಹನವೆನ್ನುತ್ತಾರೆ.

ಉಪಗೂಹನಕ್ಕೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉದಾಹರಿಸುವುದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳ ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ತಾನೇ ತರಹೇಳಿದ್ದೆನೆಂದು ಶ್ರೇಷ್ಠಿ ಜನರ ಮುಂದೆ ಅವನ ದೋಷ ಮುಚ್ಚಿದ. ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಸಮಾಜಕ್ಕೆ ಅನುಕೂಲ. ಆದರೆ ಜನ ಚದುರಿದ ಮೇಲೆ ಶ್ರೇಷ್ಠಿ ಕಳ್ಳನನ್ನು ಏಕಾಂತದಲ್ಲಿ ತರಾಟೆಗೆ ತೆಗೆದುಕೊಂಡ. ಅದೇ ಪಟ್ಟಿಯಲ್ಲಿ ಮುಂದಿನ ಅಂಗ ಸ್ಥಿತಿಕರಣ: ಜಾರುವವನನ್ನು ಮತ್ತೆ ನಿಲ್ಲಿಸುವುದು. ಮನಸ್ಸು ಮನೆಯತ್ತ ಜಾರಿದ ಗೆಳೆಯ ಮುನಿಯನ್ನು ವಾರಿಷೇಣ ದೂರ ತಳ್ಳಲಿಲ್ಲ, ಜೊತೆಗೆ ನಡೆದ. ಸ್ಥಿತಿಕರಣವಿಲ್ಲದ ಉಪಗೂಹನ ಬರಿಯ ಬಚ್ಚಿಡುವಿಕೆ, ಅದರ ಬಾಡಿಗೆ ಕಟ್ಟುವವಳು ಒಳಮನೆಯ ಹೆಣ್ಣುಮಗಳು.

ಆ ಬಾಡಿಗೆಯ ಲೆಕ್ಕವೂ ಇರಲಿ. ಆಕೆಯ ಒಡವೆ ಅಡವಿಗೆ ಹೋಗುತ್ತದೆ. ಗಂಡನ ಸಾಲಕ್ಕೆ ಆಕೆ ಜಾಮೀನುದಾರಳಾಗಿ ಸಹಿ ಹಾಕಿರುತ್ತಾಳೆ. ಬ್ಯಾಂಕಿನ ನೋಟಿಸು ಬಂದಾಗ ವ್ಯಸನವೊಂದು ಕಾಯಿಲೆ ಎಂಬ ವಾದ ಅಲ್ಲಿ ನಡೆಯದು. ಚಿಕಿತ್ಸೆಗೆ ಆರೋಗ್ಯ ವಿಮೆಯನ್ನು ತೆರೆದು ನೋಡಿದರೆ 'ಎಕ್ಸ್‌ಸಿಎಲ್12' ಎಂಬ ಪ್ರಮಾಣಿತ ಕಲಮು ಎದುರಾಗುತ್ತದೆ: ಮದ್ಯ, ಮಾದಕವಸ್ತು ಅಥವಾ ಯಾವುದೇ ವ್ಯಸನದ ಚಿಕಿತ್ಸೆಗೂ ಅದರ ಪರಿಣಾಮಗಳಿಗೂ ಹಣವಿಲ್ಲ. ವಿಚಿತ್ರವೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೂ ಸಮಾನ ವಿಮೆ ಇರಬೇಕೆಂದು 21ನೆಯ ಕಲಮಿನಲ್ಲಿ ವಿಧಿಸಿದೆ. ಸಂಸತ್ತು ಒಂದು ಕೈಯಲ್ಲಿ ಕೊಟ್ಟದ್ದನ್ನು ವಿಮಾ ಪ್ರಾಧಿಕಾರ 2019ರ ಸುತ್ತೋಲೆಯ ಮೂಲಕ ಹಿಂತೆಗೆದುಕೊಳ್ಳಲು ಬಿಟ್ಟಿತು. ಇನ್ನು ಆದಾಯ ತೆರಿಗೆ ಕಾಯ್ದೆ, 1961ರ 80ಡಿಡಿಬಿ ರಿಯಾಯಿತಿಯ ರೋಗಪಟ್ಟಿಯಲ್ಲೂ ವ್ಯಸನಕ್ಕೆ ಜಾಗವಿರಲಿಲ್ಲ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆ ಹೇಳಿದ್ದು ಇದನ್ನೇ: ಮದ್ಯಾವಲಂಬನೆಗೆ ಸಿಲುಕಿದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ. ಉಳಿದ 37 ಮಂದಿಯ ಆಸ್ಪತ್ರೆ, ಕಾವಲು, ಔಷಧಾಲಯ ಎಲ್ಲವೂ ಅವರವರ ಮನೆಯೇ.

ಮನೆಯವರಿಗೆ ನೆರವು ನೀಡಿದರೆ ಹಣ ಕೊನೆಗೆ ವ್ಯಸನಿಯ ಕೈಗೇ ಸೇರುತ್ತದೆ ಎಂಬ ಆಕ್ಷೇಪ ಪುರಾತನವಾದುದು, ಅರ್ಧ ಸತ್ಯವೂ ಹೌದು. ಮಗನ ಸಾಲವನ್ನು ಮೂರನೆಯ ಸಲ ತೀರಿಸುವ ತಂದೆ ವ್ಯಸನಕ್ಕೇ ಹಣ ಹೂಡುತ್ತಾನೆ. ಆದರೆ ಹಾಗೆ ಮಾಡಬಾರದೆಂದು ಆತನಿಗೆ ಕಲಿಸುವವರು ಯಾರು? ಅದೂ ಒಂದು ವಿದ್ಯೆ. ಅಮೆರಿಕದಲ್ಲಿ ರಾಬರ್ಟ್ ಮೈಯರ್ಸ್ ರೂಪಿಸಿದ 'ಕ್ರಾಫ್ಟ್' ವಿಧಾನ ವ್ಯಸನಿಗಲ್ಲ, ಮನೆಯವರಿಗೆ ತರಬೇತಿ ನೀಡುತ್ತದೆ. ಚಿಕಿತ್ಸೆಯನ್ನು ನಿರಾಕರಿಸುತ್ತಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಅದರಿಂದ ಚಿಕಿತ್ಸೆಗೆ ಒಪ್ಪಿದ್ದನ್ನು ಪ್ರಯೋಗಗಳು ತೋರಿಸಿವೆ. ಅಷ್ಟು ದೂರ ಹೋಗಬೇಕಿಲ್ಲ. ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಚಿಕಿತ್ಸಾ ಸಂಸ್ಥೆ ಮನೆಯವರನ್ನೂ ಚಿಕಿತ್ಸೆಯ ಭಾಗವಾಗಿಸಿತು. ಜೈನ ಮನೆತನದ ಧರ್ಮಾಧಿಕಾರಿಗಳಿರುವ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಊರೂರಿನಲ್ಲಿ ನಡೆದು, ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಸಂಪರ್ಕ ಉಳಿಸಿಕೊಳ್ಳುತ್ತವೆ. ಮಾದರಿಗಾಗಿ ಹೈದರಾಬಾದಿನ ಜೈನರು ಪರದೇಶಕ್ಕೆ ಹೋಗಬೇಕಾದುದಿಲ್ಲ.

ಸಮಾಜದ ಮುಖಂಡರಿಗೆ ಪ್ರಿಯವಾದುದು ಪಾನನಿಷೇಧದ ಮನವಿಪತ್ರ. ಅದಕ್ಕೆ ಖರ್ಚಿಲ್ಲ, ಮಂತ್ರಿಯ ಪಕ್ಕದಲ್ಲಿ ಒಂದು ಫೋಟೋ ಸಿಗುತ್ತದೆ. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸಂಪೂರ್ಣ ನಿಷೇಧ ತಂದರು. 1997ರಲ್ಲಿ ಅವರ ಅಳಿಯನ ಸರ್ಕಾರವೇ ಅದನ್ನು ಸಡಿಲಿಸಿತು. ನಿಷೇಧವಿದ್ದಾಗಲೂ ಇಲ್ಲದಾಗಲೂ ಆ ಹೆಂಗಸರ ಮನೆಯ ಸಾಲ ಯಾವ ಬಜೆಟ್ಟಿನಲ್ಲೂ ಒಂದು ಸಾಲಾಗಲಿಲ್ಲ. ಬೇಡಿಕೆ ಇಡುವುದಾದರೆ ಮರಳದ ಅರ್ಜಿ ಶುಲ್ಕದಲ್ಲಿ ನೂರಕ್ಕೆ ಐದು ರೂಪಾಯಿಯನ್ನು ವ್ಯಸನಿಗಳ ಕುಟುಂಬಗಳಿಗೆಂದು ಮೀಸಲಿಡಿರೆಂದು ಇಡಲಿ. 2023ರ ಲೆಕ್ಕದಲ್ಲಿ ಅದು 130 ಕೋಟಿ. ವಿಮೆಯ ಆ ಕಲಮನ್ನು ಕಿತ್ತುಹಾಕಿರೆಂದು ಇಡಲಿ. ಅಲ್ಪ ಪ್ರಮಾಣದ ಮಾದಕವಸ್ತುವಿನೊಡನೆ ಸಿಕ್ಕವನು ತಾನಾಗಿ ಸರ್ಕಾರಿ ಮಾನ್ಯತೆಯ ಚಿಕಿತ್ಸೆಗೆ ಬಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ವಿಚಾರಣೆಯಿಂದ ರಕ್ಷಣೆ ನೀಡುತ್ತದೆಂಬುದನ್ನು ಪೊಲೀಸು ಠಾಣೆಯ ಗೋಡೆಯ ಮೇಲೆ ಬರೆಯಿಸಿರೆಂದು ಇಡಲಿ. ಜೈಲಿನ ಭಯಕ್ಕೆ ಮಗನನ್ನು ಬಚ್ಚಿಟ್ಟ ತಾಯಂದಿರಿಗೆ ಅದು ತಿಳಿಯದು.

ಟ್ರಸ್ಟುಗಳು ಸರ್ಕಾರಕ್ಕಾಗಿ ಕಾಯಬೇಕಾದುದೂ ಇಲ್ಲ. ವೈದ್ಯಕೀಯ ನೆರವು 1961ರ ಆದಾಯ ತೆರಿಗೆ ಕಾಯ್ದೆಯ 2(15)ನೆಯ ಕಲಮಿನ ಪ್ರಕಾರವೂ ಧರ್ಮಾರ್ಥ ಉದ್ದೇಶವೇ ಆಗಿತ್ತು. ಒಂದೇ ಮತದವರಿಗೆ ಸೀಮಿತವಾದ ಹೊಸ ಧರ್ಮಾರ್ಥ ಟ್ರಸ್ಟಿಗೆ 13(1)(ಬಿ) ಅಡ್ಡಬರುತ್ತಿತ್ತು. ಹಾಗಾದರೆ ನಿಧಿಯನ್ನು ಎಲ್ಲರಿಗೂ ತೆರೆದಿಡಿ. ಕೂಕಟ್‌ಪಲ್ಲಿಯ ಸೇಂದಿ ಕಾರ್ಮಿಕನ ಹೆಂಡತಿಯೂ ಬೇಗಂಬಜಾರದ ವ್ಯಾಪಾರಿಯ ಸೊಸೆಯೂ ಒಂದೇ ಸಾಲಿನಲ್ಲಿ ಕುಳಿತರೆ ಯಾವ ಆಗಮಕ್ಕೂ ಭಂಗವಿಲ್ಲ. ಮಕ್ಕಳ ಶುಲ್ಕ ನೇರ ಶಾಲೆಗೆ ಹೋಗಲಿ, ಚಿಕಿತ್ಸೆಯ ಹಣ ನೇರ ಆಸ್ಪತ್ರೆಗೆ. ಫಲಾನುಭವಿಗಳ ಹೆಸರನ್ನು ಫಲಕದಲ್ಲಿ ಬರೆಯಿಸದಿರಲಿ; ಉಪಗೂಹನದ ಜಾಗ ಅದು. ಮುಂದಿನ ಚಾತುರ್ಮಾಸದ ಬೋಲಿ ಕೂಗುವ ಮುನ್ನ ಪದಾಧಿಕಾರಿಗಳು ಕಳೆದ ವರ್ಷದ ಲೆಕ್ಕಪತ್ರ ತೆರೆದು, ಅಮೃತಶಿಲೆಗೆ ಎಷ್ಟು, ಇಂಥ ಮನೆಗಳಿಗೆ ಎಷ್ಟು ಎಂಬ ಎರಡು ಅಂಕಿಗಳನ್ನು ಸಭೆಯಲ್ಲಿ ಓದಲಿ.